ನಮ್ಮದಲ್ಲದ ಕೋಳಿಗಳು

ನಮ್ಮ ಅತ್ತೆ ತನ್ನ ಜೀವಮಾನದಲ್ಲಿ ಒಂದೇ ಒಂದು ಕೋಳಿಯನ್ನೂ ಸಾಕಿದವಳಲ್ಲ. ಇದು ನನ್ನ ಮಾತಲ್ಲ, ಅವಳದೇ ಮಾತು. ಈ ಮಾತು ಆಡುವಾಗ ಅವಳ ತೊಡೆಯ ಮೇಲೆ ಒಂದು ಹೇಂಟೆ ಕಣ್ಣು ಮುಚ್ಚಿ ಕೂತಿರುತ್ತಿತ್ತು, ಇನ್ನೊಂದು ಅವಳ ಸೆರಗಿನ ಚುಕ್ಕಿಯನ್ನು ಜೋಳದ ಕಾಳೆಂದು ತಿಳಿದು ಕುಕ್ಕುತ್ತಿತ್ತು, ಬೆನ್ನ ಹಿಂದಿನ ಒರಳಕಲ್ಲಿನ ಮೇಲೆ ನಿಂತ ಹುಂಜ ಹೌದು ಹೌದು ಎಂಬಂತೆ ಕತ್ತು ಕುಣಿಸುತ್ತಿತ್ತು. ಕೇಳಿದವರು ಏನು ಮಾಡಬೇಕು? ತಮ್ಮ ಕಣ್ಣನ್ನು ನಂಬಬೇಕೋ, ಅತ್ತೆಯನ್ನೋ? ನಮ್ಮೂರು ಮಸ್ಕಿಯಲ್ಲಿ ಬಹಳ ಜನ ಅತ್ತೆಯನ್ನೇ ನಂಬಿದರು. ಅವಳ ಬಾಯಿ ಗೊತ್ತಿದ್ದವರಿಗೆ ಅದೇ ಕ್ಷೇಮವಾಗಿತ್ತು!

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಮ್ಮ ಮನೆಯ ಹಿತ್ತಲನ್ನು ತನ್ನ ಸಂಸ್ಥಾನ ಮಾಡಿಕೊಂಡಿದ್ದಳು. ಮುಂಭಾಗವೆಲ್ಲ ಅಪ್ಪನದು. ಬಜಾರಕ್ಕೆ ಮುಖ ಮಾಡಿದ ಕಿರಾಣಿ ಅಂಗಡಿ, ಅದರ ಹಿಂದೆ ದೇವರ ಮನೆ. ಅಪ್ಪ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿದವನಲ್ಲ. ತತ್ತಿ ಎಂಬ ಶಬ್ದವನ್ನೂ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ತೀರಾ ಅನಿವಾರ್ಯವಾದಾಗ 'ಅದು' ಅನ್ನುತ್ತಿದ್ದರು. ಅಂಥ ಮನೆಯ ಹಿತ್ತಲಲ್ಲಿ ಕೋಳಿ!

ಎಲ್ಲಕ್ಕೂ ಕಾರಣ ಒಂದು ಚೇಳು. ನಮ್ಮೂರು ಗುಡ್ಡದ ಬುಡದಲ್ಲಿದೆ. ಬೇಸಿಗೆಯಲ್ಲಿ ಆ ಬಂಡೆಗಳು ಕಾದರೆ ಅಲ್ಲಿನ ಚೇಳುಗಳೆಲ್ಲ ತಂಪು ಹುಡುಕುತ್ತ ನಮ್ಮ ಕಟ್ಟಿಗೆ ರಾಶಿಗೆ ಬರುತ್ತಿದ್ದವು. ಒಂದು ದಿನ ಒಲೆಗೆ ಸಗಣಿಯ ಕುಳ್ಳು ತೆಗೆಯಲು ಹೋದ ಅತ್ತೆಗೆ ಒಂದು ಕುಟುಕಿತು. ಅವಳು ಅದನ್ನು ಅದೇ ಕುಳ್ಳಿನಿಂದ ಹೊಡೆದು ಸಾಯಿಸಿ, ಆಮೇಲೆ ಅತ್ತಳಂತೆ. 'ಅಂತೆ' ಯಾಕೆಂದರೆ ನಾನು ಆಗ ಗುಲ್ಬರ್ಗಾದಲ್ಲಿ ಎಂ.ಎ. ಓದುತ್ತಿದ್ದೆ. ಆದರೂ ಆ ಚೇಳು ನನಗೆ ಕಾಣುತ್ತದೆ: ಕಪ್ಪಗೆ, ಬಾಲ ಎತ್ತಿಕೊಂಡು. ನೋಡದೇ ಇದ್ದುದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರುವ ನನ್ನನ್ನು ನೀವು ಎಷ್ಟು ನಂಬಬೇಕೋ ನೀವೇ ನಿರ್ಧರಿಸಿ. ನನ್ನ ಡೈರಿಗಳೂ ಸಹಾಯಕ್ಕೆ ಬರುವುದಿಲ್ಲ. 'ಇವತ್ತು ಅಪ್ಪನಿಗೂ ಅತ್ತೆಗೂ ಕೋಳಿ ಜಗಳ' ಎಂದಷ್ಟೇ ಬರೆದಿರುತ್ತೇನೆ. ಉಳಿದದ್ದನ್ನೆಲ್ಲ ನೆನಪು ತುಂಬಿಸಿಕೊಂಡಿದೆ.

ಹಿತ್ತಲ ಗೋಡೆಯಾಚೆ ದುರುಗವ್ವ ಎಂಬ ಹೆಂಗಸಿನ ಮನೆ. ಕುರಿ ಕಾಯುವ ಮನೆತನ, ವಯಸ್ಸಿನಲ್ಲಿ ಅತ್ತೆಯ ವಾರಿಗೆ. ಅತ್ತೆ ಊದಿದ ಕೈಗೆ ಅರಿಶಿನ ಮೆತ್ತಿಕೊಂಡು, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಕಟ್ಟಿಗೆ ರಾಶಿಯ ಎದುರು ಪಹರೆ ಕೂತದ್ದನ್ನು ಅವಳು ಗೋಡೆಯ ಮೇಲಿಂದ ನೋಡಿದಳು.

"ಅಕ್ಕಾರ, ಹಿಂಗ ದಿನಾ ಚಪ್ಪಲಿ ಹಿಡಕೊಂಡು ಕುಂದ್ರತೀರೇನ್ರಿ? ಒಂದು ಹ್ಯಾಟಿ ಬಿಡ್ರಿ ಹಿತ್ತಲದಾಗ. ಚೇಳು, ಜರಿ, ಗೆದ್ದಲ, ಒಂದೂ ಉಳಿಯಂಗಿಲ್ಲ."

"ಹುಚ್ಚಿ! ನಾವು ಲಿಂಗ ಕಟ್ಟಿದಾರು. ನಮ್ಮನ್ಯಾಗ ಕೋಳೀನಾ?"

"ನಿಮ್ಮದು ಯಾಕಾಗ್ತೈತ್ರಿ? ಕೋಳಿ ನಂದು. ಪಾಲಿಗೆ ಬಿಡ್ತೀನಿ. ಮೇಯೂದಷ್ಟ ನಿಮ್ಮಲ್ಲಿ."

ಪಾಲಿಗೆ ಬಿಡುವುದು ನಮ್ಮ ಕಡೆ ಇರುವ ಪದ್ಧತಿ. ಒಬ್ಬರ ಆಕಳು, ಮೇಕೆ, ಕೋಳಿಯನ್ನು ಇನ್ನೊಬ್ಬರು ಸಾಕುವುದು. ಮರಿಯಾದರೆ ಇಬ್ಬರಿಗೂ ಅರ್ಧರ್ಧ. ಅತ್ತೆ ಯೋಚಿಸಿದಳು. ಕೋಳಿ ದುರುಗವ್ವಂದು, ಚೇಳು ನಮ್ಮದು, ತಿನ್ನುವುದು ಅದರ ಇಷ್ಟ. ಇದರಲ್ಲಿ ಧರ್ಮಕ್ಕೆ ಎಲ್ಲಿ ಅಡ್ಡಿ ಬಂತು?

ಅಡ್ಡಿ ಅಪ್ಪನ ರೂಪದಲ್ಲಿ ಬಂತು. ಅಂಗಡಿ ಮುಚ್ಚಿ ಹಿತ್ತಲಿಗೆ ಬಂದವನು ಬಾಗಿಲಲ್ಲೇ ನಿಂತ.

"ಅಕ್ಕಾ, ಏನಿದು?"

"ಏನು?"

"ಕೋಳಿ!"

"ಹೌದಾ? ಯಾರದಿರಬೇಕು?"

"ನಿನ್ನ ತೊಡಿ ಮ್ಯಾಲೆ ಕುಂತೈತಿ!"

"ಕುಂತ್ರ ನಂದಾತೇನು? ನಿನ್ನ ಅಂಗಡ್ಯಾಗ ಬೆಲ್ಲದ ಮ್ಯಾಲೆ ನೊಣ ಕುಂದ್ರತಾವ. ನಿನ್ನವೇನು ಅವು?"

ಅಪ್ಪ ಅಂಗಡಿಯಲ್ಲಿ ಎಂಥೆಂಥ ಗಿರಾಕಿಗಳನ್ನು ಸುಧಾರಿಸಿದವನು. ಅಕ್ಕನ ಮುಂದೆ ಮಾತ್ರ ತಕ್ಕಡಿ ಎತ್ತಲಾಗುತ್ತಿರಲಿಲ್ಲ. ಆದರೂ ಕೋಳಿ ದುರುಗವ್ವಂದೆಂದು ತಿಳಿದ ಮೇಲೆ ಅವತ್ತು ಒಂದು ಹುಕುಂ ಹೊರಡಿಸಿದ: "ದುರುಗವ್ವನ ಕೋಳಿ ಅಂದ್ರ ಅಕಿ ಕೋಳೇ ಇರ್ಲಿ. ನಮ್ಮದು ಅಂತ ಒಂದು ಪುಕ್ಕ ಕಂಡ್ರೂ ಮರುದಿನ ಹಿತ್ತಲ ಖಾಲಿ. ಖರೇ ಹೇಳ್ತೀನಿ."

ಅತ್ತೆ ಆ ಹುಕುಮನ್ನು ಅಕ್ಷರಶಃ ಪಾಲಿಸಿದಳು. ಕೋಳಿ ಕಾವಿಗೆ ಕೂತಿತು, ಮರಿ ಮಾಡಿತು, ಮರಿ ಬೆಳೆದು ಮರಿ ಮಾಡಿದವು. ಒಂದು ಕೋಳಿ ಹಿಂಡಾಯಿತು. ಪಾಲಿನ ಪ್ರಕಾರ ಅರ್ಧ ಅತ್ತೆಗೆ ಬರಬೇಕಲ್ಲ? ಅವಳು ಅದನ್ನೂ ದುರುಗವ್ವನ ಹೆಸರಿಗೇ ಬಿಟ್ಟಳು! ಇರುವುದು ನಮ್ಮ ಹಿತ್ತಲಲ್ಲಿ, ತಿನ್ನುವುದು ನಮ್ಮ ನುಚ್ಚು, ಹೆಸರು ಮಾತ್ರ ದುರುಗವ್ವಂದು. ಆ ಕಾಲದಲ್ಲಿ ನಮ್ಮ ಸುತ್ತಮುತ್ತ ಎಷ್ಟೋ ಜನ ಹೊಲಗಳನ್ನು ಬೇರೆಯವರ ಹೆಸರಿನಲ್ಲಿ ಇಟ್ಟಿದ್ದರು. ಕೋಳಿಗಳನ್ನು ಬೇನಾಮಿ ಇಟ್ಟವಳು ನನಗೆ ತಿಳಿದಂತೆ ನಮ್ಮ ಅತ್ತೆ ಒಬ್ಬಳೇ.

ತನ್ನದಲ್ಲದ ಈ ಕೋಳಿಗಳಿಗೆ ಅವಳು ಹೆಸರಿಟ್ಟಿದ್ದಳು. ಎಲ್ಲ ಊರಿನ ಹೆಸರು. ಎಷ್ಟು ತಿಂದರೂ ಸಾಲದೆ ಉಳಿದವುಗಳ ಪಾಲಿಗೂ ಬಾಯಿ ಹಾಕುವ ದಪ್ಪ ಹೇಂಟೆ ಸಿಂಧನೂರು. ಕಾಲುವೆ ನೀರು ಬಂದ ಮೇಲೆ ಆ ಊರು ಹಾಗೆ ಕೊಬ್ಬಿದೆ ಎಂಬುದು ಅತ್ತೆಯ ಅಭಿಪ್ರಾಯ. ಕರೆದರೆ ಬಾರದ, ಮಧ್ಯಾಹ್ನ ಎಲ್ಲಿಗೋ ಹೋದರೆ ಸಂಜೆಯವರೆಗೂ ಪತ್ತೆಯಿಲ್ಲದ ಬೂದು ಕೋಳಿ ಲಿಂಗಸೂಗೂರು. ನಮ್ಮ ತಾಲ್ಲೂಕು ಕಚೇರಿ ಅಲ್ಲಿತ್ತು. ಸಣ್ಣದಾದರೂ ಜಗಳಗಂಟಿಯೊಂದು ಮುಕ್ಕುಂದ. ಅದು ಅತ್ತೆಯ ಗಂಡನ ಮನೆಯ ಊರು. ಇದರ ಬಗ್ಗೆ ಹೆಚ್ಚು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಮ್ಮೆ ಹೊಸ ಬೀಗರು ಜಗುಲಿಯಲ್ಲಿ ಕೂತಿದ್ದಾರೆ, ಒಳಗಿನಿಂದ ಅತ್ತೆ ಕೂಗುತ್ತಿದ್ದಾಳೆ: "ಏ ಬೇ! ಲಿಂಗಸೂಗೂರು ಎಲ್ಲಿ ಹೋತು ನೋಡು! ಸಿಂಧನೂರು ಅಡಿಗಿಮನಿ ಹೊಕ್ಕೈತಿ, ಓಡಸು!"

ಬೀಗರು ಅಪ್ಪನ ಮುಖ ನೋಡಿದರು. ಅಪ್ಪ ಸೂರಿನ ತೊಲೆ ನೋಡಿದ.

ಮರಿ ಹಂಚುವ ದಿನವಂತೂ ಹಿತ್ತಲಲ್ಲಿ ಕೋರ್ಟು. ದುರುಗವ್ವ ಓಣಿಯ ಕಡೆಯಿಂದ ಹಿತ್ತಲಿಗೆ ಬುಟ್ಟಿ ತರುವಳು. ಒಂದು ಅವಳಿಗೆ, ಒಂದು ಇಲ್ಲಿಗೆ, ಒಂದು ಅವಳಿಗೆ, ಒಂದು ಇಲ್ಲಿಗೆ. ದುರುಗವ್ವನ ಬುಟ್ಟಿಗೆ ಹೋದವು ಗೋಡೆಯಾಚೆ ಬೆಳೆದು ಒಂದಲ್ಲ ಒಂದು ಭಾನುವಾರ ಸಾರಾಗುತ್ತವೆ ಎಂಬುದು ಇಬ್ಬರಿಗೂ ಗೊತ್ತು. ದುರುಗವ್ವನಿಗೆ ಅದರಲ್ಲಿ ಮುಚ್ಚುಮರೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವಳ ಕೋಳಿ, ಅವಳ ಒಲೆ. ಆದರೆ ಗೋಡೆಯಾಚೆಯಿಂದ ಮಸಾಲೆ ವಾಸನೆ ಬಂದ ದಿನ ಅತ್ತೆ ಊಟ ಬಿಡುತ್ತಿದ್ದಳು. ಹೀಗಾಗಿ ಹಂಚುವಾಗ ಕೈಚಳಕ ಶುರುವಾಯಿತು.

"ಮುಗೀತಲ್ಲ? ಹೋಗಿ ಬಾ ಇನ್ನ," ಅತ್ತೆ ಅವಸರಿಸಿದಳು.

ದುರುಗವ್ವ ಬುಟ್ಟಿ ಎತ್ತಿಕೊಳ್ಳಲಿಲ್ಲ. "ಮುಗೀತ್ರಿ. ಆದ್ರ ಅಕ್ಕಾರ, ನಿಮ್ಮ ಸೆರಗು ಚಿಂವ್ ಚಿಂವ್ ಅನ್ನಾಕತ್ತೈತಲ್ರಿ!"

ಅತ್ತೆ ಸೆರಗನ್ನೊಮ್ಮೆ ಅಪರಿಚಿತರನ್ನು ನೋಡುವಂತೆ ನೋಡಿ, "ಹೊಸಾ ಸೀರಿ," ಅಂದಳು.

ಆಮೇಲಿನ ಬೇಸಿಗೆಗೆ ಕೋಳಿ ಬ್ಯಾನೆ ಬಂತು. ಓಣಿಯಲ್ಲಿ ಕೋಳಿಗಳು ತೂಕಡಿಸಿ ತೂಕಡಿಸಿ ಸಾಯತೊಡಗಿದವು. ಅತ್ತೆ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇಯ್ದು, ಸಿಂಧನೂರಿನಿಂದ ಹಿಡಿದು ಮುಕ್ಕುಂದದವರೆಗೆ ಪ್ರತಿಯೊಂದರ ನೆತ್ತಿಗೂ ಬೆರಳಿನಿಂದ ಎಳೆದಳು. ಗೋಡೆಯಾಚೆಯವನ್ನೂ ಕರೆದು ಎಳೆದಳು. ನಮ್ಮ ಹಿತ್ತಲಲ್ಲಿ ಒಂದೂ ಸಾಯಲಿಲ್ಲ. ಅಥವಾ ಸತ್ತವನ್ನು ನನ್ನ ನೆನಪು ಸದ್ದಿಲ್ಲದೆ ಮಣ್ಣು ಮಾಡಿದೆಯೋ ಏನೋ.

ಬ್ಯಾನೆ ಹೋಯಿತು, ವಿಭೂತಿ ಹೋಗಲಿಲ್ಲ. ಅದು ದಿನನಿತ್ಯದ ಕೆಲಸವಾಯಿತು: ಬೆಳಿಗ್ಗೆ ಅತ್ತೆ ತನ್ನ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಕೋಳಿಗಳಿಗೆ ಹಚ್ಚುವುದು. ಇದರ ಪರಿಣಾಮ ಗೊತ್ತಾದದ್ದು ದುರುಗವ್ವನ ಅಳಿಯ ಊಟಕ್ಕೆ ಬಂದ ದಿನ.

"ಅಕ್ಕಾರ!" ಗೋಡೆಯ ಮೇಲೆ ದುರುಗವ್ವನ ಮುಖ ಕೆಂಪಗೆ ಎದ್ದಿತು. "ಏನ್ ಮಾಡಿಟ್ಟೀರ್ರಿ ಇದನ್ನ? ಇಬತ್ತಿ ಹಚ್ಚಿದ್ದನ್ನ ನಾ ಹ್ಯಾಂಗ ಕೊಯ್ಲಿ? ಕುಡುಗೋಲು ಹಿಡಿದ್ರ ಅಯ್ಯನವರ ಮುಖ ಕಂಡಂಗಾಗ್ತೈತಿ!"

"ಬ್ಯಾನಿ ಬಂದಿತ್ತಲ್ಲ ಬೇ, ಅದಕ್ಕ ಹಚ್ಚೀನಿ."

"ಬ್ಯಾನಿ ಹೋಗಿ ಎಷ್ಟ್ ದಿನಾತ್ರಿ!"

"ಮತ್ತ ಬಂದ್ರ?"

"ತೊಳದುಬಿಡ್ಲೇನ್ರಿ?"

"ತೊಳಿ. ನೀ ತೊಳಿಯಾಕಿ, ನೀ ಕೊಯ್ಯಾಕಿ, ಮ್ಯಾಲಿನವನು ನೋಡಾಂವ. ನಡುವ ನಂದೇನೈತಿ?"

ಅವತ್ತು ಅಳಿಯ ಬದನೆಯ ಎಣಗಾಯಿ ಉಂಡು ಹೋದ. ಹೋಗುವಾಗ ನಮ್ಮ ಗೋಡೆಯ ಕಡೆ ನೋಡಿದ ನೋಟ ಇಂದಿಗೂ ಸುಡುತ್ತದೆ.

ವಿಭೂತಿಧಾರಿ ಕೋಳಿಗಳ ಸುದ್ದಿ ಬಜಾರಕ್ಕೆ ಮುಟ್ಟಿತು. ಅಪ್ಪನ ಗಿರಾಕಿಗಳು ಸಕ್ಕರೆ ಕಟ್ಟಿಸಿಕೊಳ್ಳುತ್ತ, "ಸಾವುಕಾರ್ರ, ನಿಮ್ಮ ಹುಂಜಕ್ಕ ದೀಕ್ಷಾ ಯಾವಾಗ?" ಎಂದು ಕೇಳತೊಡಗಿದರು. ಅಪ್ಪ ಹಲ್ಲು ಕಡಿದುಕೊಂಡ. ಅದೇ ಹೊತ್ತಿಗೆ ಮನೆಗೆ ನಮ್ಮ ಗುರುಗಳಾದ ಅಯ್ಯನವರು ಬಂದರು. ಪಾದಪೂಜೆ ಮುಗಿದು ಎಲ್ಲರೂ ಕೈಮುಗಿದು ಕೂತಿದ್ದೇವೆ. ಆಗ ಹಿತ್ತಲ ಬಾಗಿಲಿನಿಂದ ಹುಂಜ ಒಳಗೆ ಬಂತು! ಓಡಿ ಬರಲಿಲ್ಲ, ಹಾರಿ ಬರಲಿಲ್ಲ. ನೆತ್ತಿಯ ಮೇಲೆ ವಿಭೂತಿ ಹೊತ್ತು, ಒಂದೊಂದೇ ಹೆಜ್ಜೆ ಇಡುತ್ತ, ಆಹ್ವಾನಿತರ ಹಾಗೆ ಬಂದು ಅಯ್ಯನವರ ಎದುರು ನಿಂತಿತು.

ಅಯ್ಯನವರು ಅದನ್ನು ನೋಡಿದರು. ಅದು ಅಯ್ಯನವರನ್ನು ನೋಡಿತು.

"ಯಾರದಿದು ಹುಂಜ?"

ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಅತ್ತೆ ಕೈಮುಗಿದುಕೊಂಡೇ, "ದುರುಗವ್ವಂದ್ರಿ," ಅಂದಳು.

"ಮತ್ತ ಇಬತ್ತಿ?"

"ಅದು ನಮ್ಮದ್ರಿ."

ಅಯ್ಯನವರು ಗಡ್ಡದೊಳಗೇ ನಕ್ಕರು. "ಅಂದ್ರ ಅರ್ಧ ನಮ್ಮವ ಅನ್ರಿ," ಎಂದು ಬಾಳೆಹಣ್ಣಿನ ಒಂದು ಚೂರು ಅದರ ಕಡೆ ಒಗೆದರು. ಅಂದಿನಿಂದ ಅಪ್ಪನ ಕೈ ಕಟ್ಟಿಹೋಯಿತು.

ಇಷ್ಟೆಲ್ಲ ಬರೆಯುವಾಗ ನನಗೊಂದು ಅನುಮಾನ. ನಾನು ಕೋಳಿಗಳ ಕಥೆ ಹೇಳುತ್ತಿದ್ದೇನೆಯೇ? ನನ್ನ ನೆನಪಿನ ಆ ಹಿತ್ತಲಲ್ಲಿ ಕೋಳಿಗಳಿಗಿಂತ ಹೆಚ್ಚು ಕೇಳಿಸುವುದು ಎರಡು ಹೆಂಗಸರ ಮಾತು. ಅತ್ತೆ ಈಚೆ, ದುರುಗವ್ವ ಆಚೆ, ನಡುವೆ ಎದೆಮಟ್ಟದ ಗೋಡೆ. ನುಚ್ಚು ಚೆಲ್ಲುವ ನೆಪದಲ್ಲಿ ಶುರುವಾದ ಮಾತು ನುಚ್ಚು ಮುಗಿದು, ಕೋಳಿಗಳು ನೆರಳಿಗೆ ಹೋಗಿ ಮಲಗಿದರೂ ಮುಗಿಯುತ್ತಿರಲಿಲ್ಲ. ಯಾವುದು ಕಾವಿಗೆ ಕೂತಿದೆ, ಯಾವುದು ಕಳ್ಳತನದಿಂದ ಬೇಲಿಯಲ್ಲಿ ತತ್ತಿ ಇಡುತ್ತಿದೆ, ಅಲ್ಲಿಂದ ದುರುಗವ್ವನ ಸೊಸೆ, ಅಲ್ಲಿಂದ ಅತ್ತೆಯ ಮೊಣಕಾಲು. ದುರುಗವ್ವ ಹಿತ್ತಲು ದಾಟಿ ನಮ್ಮ ಮನೆಯೊಳಗೆ ಬಂದವಳಲ್ಲ. ಅತ್ತೆ ಅವಳ ಹೊಸ್ತಿಲು ತುಳಿದವಳಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಅನ್ನುವ ಅಗತ್ಯವೇ ಬಾರದಂತೆ ಇಬ್ಬರೂ ಬೆಳೆದಿದ್ದರು. ಸಮಾಜಶಾಸ್ತ್ರದ ದಪ್ಪ ಪುಸ್ತಕಗಳನ್ನು ಅದೇ ಹಿತ್ತಲಲ್ಲಿ ಕೂತು ಓದುತ್ತಿದ್ದ ನಾನು, ಕಣ್ಣೆದುರಿನ ಆ ಗೋಡೆಯನ್ನು ಬರೀ ಗೋಡೆ ಎಂದೇ ತಿಳಿದಿದ್ದೆ.

ತೊಂಬತ್ತರ ದಶಕ ಶುರುವಾದಾಗ ದುರುಗವ್ವನ ಮಗನಿಗೆ ತುರ್ವಿಹಾಳದ ಹತ್ತಿರ ಒಬ್ಬರ ಭತ್ತದ ಗದ್ದೆಯಲ್ಲಿ ವರ್ಷವಿಡೀ ಕೆಲಸ ಸಿಕ್ಕಿತು. ಇರಲು ಅಲ್ಲೇ ಜಾಗ. ಕುರಿ ಮಾರಿ ಮನೆ ಮಂದಿಯೆಲ್ಲ ಹೊರಡುವುದೆಂದಾಯಿತು. ಸುದ್ದಿ ಕೇಳಿದ ದಿನ ಅತ್ತೆ ಗೋಡೆಯ ಹತ್ತಿರ ಹೋಗಲಿಲ್ಲ. ಕೋಳಿಗಳ ಜೊತೆ ಕೂತಿದ್ದಳು. ಅಪ್ಪ ಮಾತ್ರ ಎಷ್ಟೋ ವರ್ಷಗಳ ನಂತರ ಹಿತ್ತಲಿಗೆ ನಗುತ್ತ ಬಂದ.

ಹೊರಡುವ ದಿನ ದುರುಗವ್ವ ಹೇಳಿಹೋಗಲು ಹಿತ್ತಲ ಬಾಗಿಲಿಗೆ ಬಂದಳು. ನಾನು ರಜೆಗೆ ಬಂದಿದ್ದೆ, ಇದನ್ನು ನೋಡಿದ್ದೇನೆ. ಇದರಲ್ಲಿ 'ಅಂತೆ' ಇಲ್ಲ.

"ದುರುಗವ್ವಾ, ಹೊಂಟೀಯಂತ. ಚಲೋ ಆತು," ಅಪ್ಪ ಮೃದುವಾಗಿಯೇ ಶುರುಮಾಡಿದ. "ನಿನ್ನ ಸಾಮಾನು ಒಂದೂ ಬಿಟ್ಟು ಹೋಗಬ್ಯಾಡ. ಕೋಳೀನೂ ಸೈತ."

"ಅಲ್ರೀ ಸಾವುಕಾರ್ರ, ಅವು ಪಾಲಿನವು..."

"ಎಲ್ಲೀ ಪಾಲು? ಇಷ್ಟು ವರ್ಷ ಅಕ್ಕನ ಬಾಯಾಗ ಒಂದ ಮಾತು, ಎಲ್ಲಾ ನಿನ್ನವಂತ. ಕೇಳು ಬೇಕಾದ್ರ. ಅಕ್ಕಾ, ಹೇಳು. ಇದರಾಗ ನಿಂದು ಯಾವುದೈತಿ?"

ಬೇನಾಮಿ ಆಸ್ತಿಯ ಕಷ್ಟವೇ ಇದು. ಹೆಸರಿನವರು ಎದ್ದು ಹೋದರೆ ಆಸ್ತಿಯೂ ಎದ್ದು ಹೋಗುತ್ತದೆ. ಅತ್ತೆ ಕಟ್ಟಿದ ಬಲೆಯಲ್ಲಿ ಅತ್ತೆಯೇ ಕೂತಿದ್ದಳು, ತೊಡೆಯ ಮೇಲೆ ಸಿಂಧನೂರು. ಅವಳ ಬಾಯಿ ಕಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ. ಅಪ್ಪನೂ ಮೊದಲ ಸಲವೇ ನೋಡಿರಬೇಕು. ಅವನ ನಗು ಸ್ವಲ್ಪ ಮಾಸಿತು.

ದುರುಗವ್ವ ಚುರುಕು. "ನಾ ಒಯ್ಯೂದಿಲ್ರಿ ಸಾವುಕಾರ್ರ," ಅಂದಳು. "ಅಲ್ಲಿ ಗದ್ದಿಗೆ ಹುಳಾ ಸಾಯೂ ಎಣ್ಣಿ ಹೊಡೀತಾರ. ಕೋಳಿ ಹುಳಾ ತಿಂದು ಸಾಯ್ತಾವ. ನನ್ನ ಕೋಳಿ ನಾ ಇಲ್ಲೇ ಇಟ್ಟು ಹೋಗ್ತೀನಿ. ಯಾರೂ ಮುಟ್ಟಬ್ಯಾಡ್ರಿ."

ಎಂಥ ದಾರಿ! ಅತ್ತೆ ಹೂಂ ಅಂದರೆ ಸಾಕು, ಎಲ್ಲ ಮೊದಲಿನಂತೆ. ಅಪ್ಪನ ಹುಕುಮಿಗೂ ಭಂಗವಿಲ್ಲ.

ಅತ್ತೆ ಹೂಂ ಅನ್ನಲಿಲ್ಲ. ಎದ್ದು ನಿಂತಳು. ಸಿಂಧನೂರು ತೊಡೆಯಿಂದ ಧೊಪ್ಪನೆ ಬಿದ್ದು ಬೈಯುತ್ತ ಓಡಿತು.

"ಅಕೀವಲ್ಲ. ನನ್ನವು."

"ಏನಂದಿ?" ಅಪ್ಪ ಕೇಳಿದ.

"ಕೋಳಿ ನನ್ನವು ಅಂದೆ. ಸಿಂಧನೂರು ನಂದು, ಲಿಂಗಸೂಗೂರು ನಂದು, ಮುಕ್ಕುಂದ ನಂದು. ಆ ಹುಂಜಾನೂ ನಂದು. ಹಿತ್ತಲ ಖಾಲಿ ಮಾಡಸ್ತೀನಿ ಅಂದಿದ್ದಿಲ್ಲ? ಮಾಡಸು. ಮೊದಲ ನನ್ನ ಹೊರಗ ಹಾಕು, ಆಮ್ಯಾಲ ಕೋಳಿ."

ನಿಜಾಮ ಕೂಡ ಈ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ತನ್ನವೆಂದು ಸಾರಿದ್ದನೋ ಇಲ್ಲವೋ! ಅಪ್ಪ "ಲಿಂಗಸೂಗೂರು ನಂದಂತ!" ಎಂದು ಗೊಣಗುತ್ತ ಅಂಗಡಿಯ ಕಡೆ ನಡೆದ. ಹಿತ್ತಲು ಖಾಲಿಯಾಗಲಿಲ್ಲ. ಆ ವಿಷಯವನ್ನು ಅವನು ಮತ್ತೆಂದೂ ಎತ್ತಲಿಲ್ಲ.

ಆದರೆ ಅಷ್ಟು ಸುಲಭದ ದಾರಿ ಬಿಟ್ಟು ಅತ್ತೆ ಯಾಕೆ ಹೀಗೆ ಮಾಡಿದಳು? ಅವಳ ಕೆಲಸ ಇನ್ನೂ ಮುಗಿದಿರಲಿಲ್ಲ. ಒಳ್ಳೆಯ ಎರಡು ಹೇಂಟೆ ಹಿಡಿದಳು. ಹಳೆಯ ಸೀರೆಯ ಅಂಚು ಹರಿದು ಕಾಲು ಕಟ್ಟಿದಳು. ಬುಟ್ಟಿಯಲ್ಲಿಟ್ಟು ದುರುಗವ್ವನ ತೋಳಿಗೆ ಕೊಟ್ಟಳು.

"ತಗೋ. ಪಾಲಿಗೆ."

"ಯಾರಿಗ್ರಿ ಪಾಲಿಗೆ?"

"ನಿನಗ. ಕೋಳಿ ನಂದು, ಸಾಕಾಕಿ ನೀ. ಎಣ್ಣಿ ಹೊಡಿಯೋ ದಿನ ಬುಟ್ಟಿ ಮುಚ್ಚಿಡು. ಮರಿ ಆದ್ರ ಅರ್ಧ ನನಗ ಬರಬೇಕು. ಒಯ್ಯಾಕ ನಾನ ಬರ್ತೀನಿ."

ದುರುಗವ್ವ ಬುಟ್ಟಿಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. "ನೀವಾ? ಬರ್ತೀರಾ? ನಮ್ಮ ಮನಿಗಾ?"

"ನನ್ನ ಕೋಳಿ ನೋಡಾಕ ನಾ ಬರಬಾರದೇನು? ಯಾರು ಬ್ಯಾಡಂತಾರ ನೋಡೂಣು."

ತನ್ನದು ಅನ್ನದೇ ಇದ್ದರೆ ಪಾಲು ಕೇಳಲು ಹೋಗುವುದು ಹೇಗೆ? ದುರುಗವ್ವ ಬುಟ್ಟಿಯನ್ನು ಎದೆಗವಚಿಕೊಂಡು, ಕಣ್ಣು ಒರೆಸಲು ಕೈ ಸಾಲದೆ, ಹಾಗೇ ನಿಂತಿದ್ದಳು.

ಮರಿಯಾದ ಸುದ್ದಿ ಬಂದ ಮೇಲೆ ಅತ್ತೆ ಹೋದಳು, ಜೊತೆಗೆ ನಾನೂ. ತವರಿಗೆ ಬಂದ ಮೇಲೆ ಅವಳು ಬಸ್ಸು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಸಿಂಧನೂರಿನಲ್ಲಿ ಇಳಿದು ತುರ್ವಿಹಾಳದ ಬಸ್ಸು ಹಿಡಿದು, ಅಲ್ಲಿಂದ ಕಾಲುವೆ ದಂಡೆಯ ಮೇಲೆ ನಡೆದು ಹೋದೆವು. ಇಬ್ಬದಿಯ ಹಸಿರನ್ನು ಅವಳು ಕಣ್ಣೆತ್ತಿ ನೋಡಲಿಲ್ಲ, ಕೆಲಸವಿದ್ದವರ ಹಾಗೆ ನಡೆದಳು. ದುರುಗವ್ವ ನಮ್ಮನ್ನು ದೂರದಿಂದಲೇ ಕಂಡು, ಮನೆಯ ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕಾದಿದ್ದಳು. ಅತ್ತೆ ಕಂಬಳಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋಗಿ, ಒಲೆಯ ಪಕ್ಕ ನೆಲದ ಮೇಲೆ ಕೂತಳು.

"ಬಿಸಲಾಗ ಬಂದೀನಿ. ಕುಡ್ಯಾಕ ಏನಾದ್ರ ಕೊಡತೀಯೋ ಇಲ್ಲೋ?"

ದುರುಗವ್ವ ಲೋಟವನ್ನು ಬೂದಿ ಹಚ್ಚಿ ತೊಳೆದಳು, ನೋಡಿದಳು, ಮತ್ತೆ ತೊಳೆದಳು. ಅವಳು ಕೊಟ್ಟದ್ದು ನೀರೋ ಚಹಾವೋ ನನಗೆ ನೆನಪಿಲ್ಲ. ಅತ್ತೆ ಕುಡಿಯುವವರೆಗೂ ಅವಳು ರೆಪ್ಪೆ ಬಡಿಯದೆ ನಿಂತದ್ದು ನೆನಪಿದೆ.

ಮರಿಗಳು ಅಂಗಳದಲ್ಲಿ ತಾಯಿಯ ಹಿಂದೆ ಓಡಾಡುತ್ತಿದ್ದವು. ಅತ್ತೆಯ ಪಾಲನ್ನು ದುರುಗವ್ವ ಬುಟ್ಟಿಗೆ ತುಂಬಲು ಹೋದಾಗ ಅತ್ತೆ ತಡೆದಳು. "ಬಿಡು ಬೇ, ಇನ್ನಾ ಸಣ್ಣವದಾವ. ಮತ್ತೊಮ್ಮಿ ಬಂದು ಒಯ್ತೀನಿ."

ಮತ್ತೊಮ್ಮೆ ಹೋದಾಗಲೂ ಸಣ್ಣವೇ ಇದ್ದವು. ಅದರ ಮುಂದಿನ ಸಲವೂ. ನಾನು ಜೊತೆಗಿದ್ದ ಕೊನೆಯ ಸಲ, ಅತ್ತೆಯ ಪಾಲಿನ ಒಂದು ಮರಿ ಭಾರೀ ಹುಂಜವಾಗಿ, ಜುಟ್ಟು ಜೋಲಾಡಿಸುತ್ತ, ದುರುಗವ್ವನ ಮನೆಯ ಮಾಡಿನ ಮೇಲೆ ನಿಂತು ಕಾಲುವೆಯ ಆಚೆ ದಂಡೆಗೆ ಕೇಳುವಂತೆ ಕೂಗುತ್ತಿತ್ತು. ಅತ್ತೆ ಹುಬ್ಬಿಗೆ ಕೈ ಅಡ್ಡ ಹಿಡಿದು ಅದನ್ನು ಬಹಳ ಹೊತ್ತು ಪರೀಕ್ಷಿಸಿದಳು.

"ಇನ್ನಾ ಸಣ್ಣದೈತಿ," ಅಂದಳು.

ದುರುಗವ್ವ ಕೂಡ ತಲೆ ಎತ್ತಿ ನೋಡಿದಳು. "ಹೌದ್ರೀ ಅಕ್ಕಾರ, ಭಾಳ ಸಣ್ಣದು," ಅಂದು, ಒಲೆ ಹಚ್ಚಲು ಒಳಗೆ ಹೋದಳು.